ನಿಂಬೆಹಣ್ಣಿನ ನೆತ್ತಿಯ ಮನೆ

ನಮ್ಮ ಬಾಗಿಲ ಮೇಲೆ ಮೆಣಸಿನಕಾಯಿಗಳ ಜೊತೆ ತೂಗುವ ನಿಂಬೆಹಣ್ಣನ್ನು ನೀವು ಹತ್ತಿರದಿಂದ ನೋಡಿದರೆ, ಅದರ ನೆತ್ತಿಯಲ್ಲಿ ಬಾಲ್‌ಪೆನ್ನಿನಿಂದ ಬರೆದ ಪುಟ್ಟ ಚೌಕವೊಂದು ಕಾಣುತ್ತದೆ. ದೃಷ್ಟಿ ತಾಕದಿರಲು ಬರೆಸಿದ ಯಂತ್ರವಿರಬೇಕೆಂದು ಪಕ್ಕದ ಮನೆಯವರು ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಅದು ಒಂದು ಮನೆ.

ಪೀಣ್ಯದ ಹೈಸ್ಕೂಲೊಂದರಲ್ಲಿ ಗಣಿತ ಹೇಳುವ ನಾನು ಪ್ರತಿವರ್ಷ ಮಕ್ಕಳ ಮುಂದಿಡುವ ಒಗಟೊಂದಿದೆ. ಒಬ್ಬಾತ ಮನೆಯಿಂದ ಒಂದು ಕಿಲೋಮೀಟರ್ ದಕ್ಷಿಣಕ್ಕೆ, ಒಂದು ಪೂರ್ವಕ್ಕೆ, ಇನ್ನೊಂದು ಉತ್ತರಕ್ಕೆ ನಡೆದು ಮತ್ತೆ ತನ್ನ ಮನೆಯ ಮುಂದೆಯೇ ನಿಲ್ಲುತ್ತಾನೆ; ಮನೆ ಎಲ್ಲಿದೆ? ಫ್ಲೈಓವರು, ಒನ್‌ವೇಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ, ಎದುರಿನ ಅಂಗಡಿಗೆ ಹೋಗಲೂ ಅವರ ಅಪ್ಪಂದಿರು ಹೀಗೆಯೇ ಸುತ್ತುತ್ತಾರೆ. ಉತ್ತರಧ್ರುವವೇ ಉತ್ತರವೆಂದು ಕಡೆಗೆ ನಾನೇ ಹೇಳಬೇಕಾಗುತ್ತದೆ.

ಆ ಒಗಟು ಶಾಲೆಯಿಂದ ನಮ್ಮ ಮನೆಗೂ ಬಂತು. ರಾಜಗೋಪಾಲನಗರದಲ್ಲಿ ನಾವಿದ್ದ ಬಾಡಿಗೆಮನೆಯನ್ನು ಕೆಡವಿ ಮಾಲೀಕರು ಪಿಜಿ ಕಟ್ಟಿಸುವವರಿದ್ದರು. ಅಲೆದಾಡಿದ ಮೇಲೆ ಸಿಕ್ಕ ಒಂದೇ ಒಂದು ಫ್ಲ್ಯಾಟಿಗೆ ದಕ್ಷಿಣದ ಬಾಗಿಲು. ಅದು ಯಮನ ದಿಕ್ಕು, ತಾನು ಬರುವುದಿಲ್ಲ, ತನ್ನ ಮಗನನ್ನೂ ಕಳಿಸುವುದಿಲ್ಲ ಎಂದು ಅತ್ತೆ ಕೂತುಬಿಟ್ಟರು. ನಾನು ಟೀಚರ್ ಗತ್ತಿನಲ್ಲಿ ಅಡುಗೆಮನೆಯಿಂದ ನಿಂಬೆಹಣ್ಣು ತಂದು, ನೆತ್ತಿಯಲ್ಲಿ ಚೌಕ ಬರೆದು, ಇದು ಭೂಮಿ, ಇದು ಧ್ರುವದ ಮೇಲಿನ ಮನೆ, ಇದರ ಯಾವ ಗೋಡೆಗೆ ಬಾಗಿಲಿಟ್ಟರೂ ಅದು ದಕ್ಷಿಣದ ಬಾಗಿಲೇ, ಅಲ್ಲಿ ಪೂರ್ವವೆಂಬುದೇ ಇಲ್ಲ ಎಂದು ವಿವರಿಸಿದೆ. ಗೆದ್ದೆನೆಂದೇ ಎಣಿಸಿದ್ದೆ.

ಅತ್ತೆ ಹಣ್ಣನ್ನು ಅಂಗೈಯಲ್ಲಿ ಹೊರಳಿಸಿ, ಆ ಚೌಕವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ಕ್ವಾರ್ಟರ್ಸ್ ಬಾಗ್ಲೂ ದಕ್ಷಿಣಕ್ಕೇ ಇತ್ತು ಕಣಮ್ಮ. ಬೇರೆ ಮನೆ ಕೇಳಿ ಅಂತ ನಾನು ಹಟ ಹಿಡೀಲಿಲ್ಲ. ಅವ್ರು ಹೋಗ್ಬಿಟ್ರು."

ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮಾವ ಎದೆನೋವಿನಿಂದ ತೀರಿಕೊಂಡದ್ದು ನನ್ನ ಮದುವೆಗೂ ಮುಂಚೆ. ಇಷ್ಟು ವರ್ಷ ಈ ಹೆಂಗಸು ಆ ಬಾಗಿಲನ್ನು ಎದೆಯಲ್ಲಿ ಹೊತ್ತುಕೊಂಡೇ ನಮಗೆಲ್ಲ ಅಡುಗೆ ಮಾಡಿ ಬಡಿಸಿದ್ದರು. ಮೂವತ್ತು-ನಲವತ್ತರ ಸೈಟಿನ ಲೆಕ್ಕದಲ್ಲಿ ಬದುಕುವ ನಮಗೆ ಭೂಮಿ ಇಂದಿಗೂ ಚಪ್ಪಟೆಯೇ. ಅದರ ಒಂದೊಂದು ಬದಿಗೆ ಒಂದೊಂದು ದಿಕ್ಕನ್ನು ಗೂಟ ಹೊಡೆದು ನಿಲ್ಲಿಸಿದ್ದೇವೆ. ಗೋಳದ ಮೇಲಾದರೋ, ಎಲ್ಲಿಂದ ಹೊರಟರೂ, ಯಾವ ಬಾಗಿಲಿಂದ ಹೊರಬಿದ್ದರೂ, ದಕ್ಷಿಣಕ್ಕೇ ನಡೆಯುತ್ತ ಹೋದವರೆಲ್ಲ ಸೇರುವುದು ಕಡೆಗೆ ಒಂದೇ ಬಿಂದುವನ್ನು. ಇದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅವರೇ ಕೇಳಿದರು. "ಬಾಗ್ಲು ಬೇರೆ ಕಡೆಗಿದ್ದಿದ್ರೂ ಹೋಗ್ತಿದ್ರಾ?"

"ಹೋಗ್ತಿದ್ರು ಅತ್ತೆ. ನಿಮ್ಮಿಂದ ಆಗಿದ್ದಲ್ಲ ಅದು."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಹಣ್ಣನ್ನು ತಮ್ಮ ಚೀಲದೊಳಗೆ ಹಾಕಿಕೊಂಡರು.

ದಕ್ಷಿಣದ ಬಾಗಿಲಿನ ಆ ಹೊಸಮನೆಗೆ ಹೋದ ದಿನ ಅದೇ ಹಣ್ಣನ್ನು ಅವರೇ ಪೋಣಿಸಿದರು. ಸೂಜಿ ನೆತ್ತಿಯ ಮನೆಯನ್ನು ಹೊಕ್ಕು ನೇರ ಕೆಳಗೆ ಹೊರಬಂತು, ಹಾಗಾಗಿ ನಮ್ಮ ನಿಂಬೆ ಈಗ ಭೂಮಿಯಂತೆಯೇ ತನ್ನ ಅಕ್ಷದ ಮೇಲೆ ತಿರುಗುತ್ತದೆ. ಅದನ್ನು ಕಟ್ಟಿಯಾದ ಮೇಲೆ ನಾನು ಅಭ್ಯಾಸದಂತೆ ಬಾಗಿಲು ಮುಂದೆ ಮಾಡಹೋದೆ. ಒಳಗೆ ಹಾಲು ಉಕ್ಕಿಸಲು ಕೂತಿದ್ದ ಅತ್ತೆ ತಲೆಯೆತ್ತದೆ ಹೇಳಿದರು.

"ತೆಗ್ದೇ ಇರ್ಲಿ ಬಿಡು. ಗಾಳಿ ಬರ್ತಿದೆ."