ಅಕ್ಕನ ಸವತಿ

ನಮ್ಮ ಭಾವ ಗಾರೆ ಮೇಸ್ತ್ರಿ. ಕಂಡವರ ಮನೆಗೆಲ್ಲ ಸ್ಲ್ಯಾಬು ಹಾಕಿಕೊಟ್ಟು, ತಾವು ಮಾತ್ರ ಹೆಂಡತಿಯೊಂದಿಗೆ ತಗಡಿನ ಶೆಡ್ಡಿನಲ್ಲೇ ಬದುಕಿದ ಮಹಾನುಭಾವರು. ಅಂತೂ ಇಂತೂ ಶೆಡ್ಡಿನ ಪಕ್ಕದಲ್ಲಿ ಸ್ವಂತ ಮನೆಯ ಗೋಡೆ ಎದ್ದಾಗ ಅಕ್ಕ ಹಾಸಿಗೆ ಹಿಡಿದಿದ್ದಳು. ಆಸ್ಪತ್ರೆಯವರು ಕೈಚೆಲ್ಲಿದ್ದರು. "ಒಂದು ರಾತ್ರಿ ನಮ್ಮ ಸೂರಿನಡಿ ಮಲಗಿ ಹೋಗ್ತೀನಿ ಕಣೇ" ಎನ್ನುವುದೊಂದೇ ಅವಳ ಆಸೆ.

ಭಾವನಿಗೋ ಅವಸರ ಎಂಬುದೇ ಗೊತ್ತಿಲ್ಲ. ಸುಡುಸುಡು ಬೇಸಿಗೆ. ಜಲ್ಲಿ ರಾಶಿಗೆ ನೆರಳು ಕಟ್ಟಿಸಿದರು, ಕಾದ ಕಬ್ಬಿಣದ ಸರಳುಗಳಿಗೆ ನೀರು ಚಿಮುಕಿಸಿ ತಣಿಸಿದರು, ಬಿಸಿಲೇರುವ ಮೊದಲೇ ಕಾಂಕ್ರೀಟು ಸುರಿದು ಮುಗಿಸಿದರು. ಕಲಸಿದ ಮಾಲು ಗಟ್ಟಿಯಾಗ್ತಿದೆ, ಇನ್ನೊಂದು ಬಕೆಟ್ ನೀರು ಬಿಡೋಣ ಎಂದ ಆಳನ್ನು, ಕಲಸುವಾಗ ನೀರು ಹೆಚ್ಚಾದರೆ ಸ್ಲ್ಯಾಬಿಗೆ ಬಲ ಬರಲ್ಲ ಎಂದು ಉಗಿದು ಉಪ್ಪಿನಕಾಯಿ ಹಾಕಿದರು. ಆಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಅದು ಒಣಗದಂತೆ ಹೊತ್ತುಹೊತ್ತಿಗೂ ನೀರು ಹಾಕುತ್ತಾ ಮೇಲೆಯೇ ಠಿಕಾಣಿ ಹೂಡಿದರು.

"ಎಲ್ಲಕ್ಕಾ ಭಾವ?" ಎಂದು ಕೇಳಿದರೆ ಅಕ್ಕ, "ನನ್ನ ಸವತಿಗೆ ಸ್ನಾನ ಮಾಡಿಸ್ತಿದ್ದಾರೆ" ಎಂದು ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳ ಉಸಿರು ಭಾರವಾದ ದಿನ ತಡೆಯಲಾರದೆ ಏಣಿ ಹತ್ತಿ ಕೂಗಾಡಿದೆ.

"ಒಳಗಿರೋ ಆಸರೆ ಕಂಬಗಳನ್ನ ಬಿಚ್ಚಿಸಿ ಭಾವ! ಒಂದು ಚಾಪೆ ಹಾಸೋಷ್ಟು ಜಾಗ ಸಾಕು. ನಿಮ್ಮದೇನು ಕಲ್ಲೆದೆಯಾ?"

"ಸ್ಲ್ಯಾಬು ಇನ್ನೂ ಹಸಿ, ಪುಟ್ಟಿ. ಅವಳ ಮೇಲೇ ಬಿದ್ದುಬಿಟ್ರೆ?"

ಅವರ ಜೊತೆಗಾರನೊಬ್ಬ, ಹಾಗೆ ಅವಸರಕ್ಕೆ ಕಂಬ ಬಿಚ್ಚಿದ ಸ್ಲ್ಯಾಬಿನಡಿಯೇ ಸತ್ತಿದ್ದ. ಅದು ನನಗೂ ಗೊತ್ತು. ಆದರೂ ಬಾಯಿಗೆ ಬಂದಂತೆ ಬೈದೆ. ಅವರು ಪೈಪು ಹಿಡಿದು ಗೋಣಿಚೀಲಗಳಿಗೆ ನೀರು ಬಿಡುತ್ತಲೇ ಇದ್ದರು.

ಅಕ್ಕ ಆ ತಗಡಿನ ಶೆಡ್ಡಿನಲ್ಲೇ ಕಣ್ಣು ಮುಚ್ಚಿದಳು. ಅಯ್ಯೋ, ಹತ್ತು ಹೆಜ್ಜೆ ಆಚೆ ಅವಳ ಮನೆಯಿತ್ತು!

ಕೊನೆಗೆ ಕಂಬ ಬಿಚ್ಚಿದ ದಿನ ನಾನೂ ಹೋಗಿದ್ದೆ. ಭಾವ ಟಾರ್ಚು ಹಿಡಿದು ಸೂರಿನ ಮೂಲೆಮೂಲೆಯನ್ನೂ ನೋಡಿದರು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಆಳುಗಳು ಬಾಯ್ತುಂಬ ಹೊಗಳಿ ಹೋದರು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಮನುಷ್ಯ ಬರಿ ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತರು.

"ಇಷ್ಟು ಗಟ್ಟಿಯಾಗಿದೆಯಲ್ಲ, ಪುಟ್ಟಿ... ಅವಳು ಕೇಳಿದಾಗಲೇ ಬಿಚ್ಚಿದ್ರೂ ನಿಲ್ತಿತ್ತೇನೋ. ನಿಲ್ತಿತ್ತಾ? ಹೇಳು."

ಕಾಂಕ್ರೀಟಿನ ಗಂಧಗಾಳಿಯೂ ಇಲ್ಲದವಳು ನಾನು. ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ.

"ಇಲ್ಲ ಭಾವ," ಎಂದೆ. "ಖಂಡಿತ ಬಿದ್ದುಹೋಗ್ತಿತ್ತು."