ಪಾಯಿಂಟ್ ನಾಲ್ಕರ ವಾಷರು

‘ಎಳ್ಳಷ್ಟೂ ಅನುಮಾನವಿಲ್ಲ’ ಎಂದು ಸಲೀಸಾಗಿ ಹೇಳುವವರು ಯಾರೂ ಎಳ್ಳನ್ನು ಅಳೆದು ನೋಡಿದವರಲ್ಲ. ನಾನು ನೋಡಿದ್ದೇನೆ. ಒಂದು ಎಳ್ಳಿನ ದಪ್ಪ ಇನ್ನೊಂದಕ್ಕಿಲ್ಲ. ವಸ್ತುವನ್ನು ಬಾಯಲ್ಲಿ ಕಚ್ಚಿ ಹಿಡಿದು ದಪ್ಪ ಹೇಳುವ ಹೊಸ ಸ್ಕ್ರೂಗೇಜ್ ಕೊಂಡ ವಾರ ನಾನು ಎಳ್ಳು, ಕೂದಲು, ಹಪ್ಪಳ ಎಲ್ಲ ಮುಗಿಸಿ ನನ್ನ ಹೆಂಡತಿ ಶೋಭಾಳ ದೋಸೆಯನ್ನೂ ಅಳೆದೆ. ಅಂಚಿಗೂ ನಡುವಿಗೂ ವ್ಯತ್ಯಾಸವಿದೆ ಎಂದು ವರದಿ ಒಪ್ಪಿಸಿದ್ದಕ್ಕೆ ಎರಡನೆಯ ದೋಸೆ ತಟ್ಟೆಗೆ ಬರಲಿಲ್ಲ.

ನಾನು ಓದಿದ್ದು ಮೆಕ್ಯಾನಿಕಲ್, ಅನ್ನ ಹಾಕುತ್ತಿರುವುದು ಸಿಂಗಪುರದ ಚಾಂಗಿ ಬಿಸಿನೆಸ್ ಪಾರ್ಕಿನ ಸಾಫ್ಟ್‌ವೇರು. ಬೆಡೋಕ್‌ನ ನಮ್ಮ ಫ್ಲಾಟಿನಲ್ಲಿ ದಪ್ಪ ಗೋಡೆ, ಕಬ್ಬಿಣದ ಬಾಗಿಲಿನ ಒಂದು ಬಾಂಬ್ ಶೆಲ್ಟರ್ ಇದೆ. ಯುದ್ಧ ಬಂದರೆ ಅಡಗಿ ಕೂರಲು ಸರ್ಕಾರ ಕಟ್ಟಿಸಿದ ಕೋಣೆ. ಯುದ್ಧ ಬರುವವರೆಗೆ ಅಲ್ಲಿ ಎಲ್ಲರೂ ಅಕ್ಕಿಮೂಟೆ, ಸೂಟ್‌ಕೇಸ್ ಇಡುತ್ತಾರೆ. ನಮ್ಮ ಮನೆಯಲ್ಲಿ ಅದರ ಅರ್ಧ ನನ್ನ ವರ್ಕ್‌ಶಾಪು. ಮನೆಯಲ್ಲಿ ಸಣ್ಣಪುಟ್ಟ ಯುದ್ಧವಾದಾಗ ಅಡಗಿ ಕೂರುವುದಕ್ಕೂ ಅದೇ ಜಾಗ.

ಕಳೆದ ವರ್ಷದ ಯುದ್ಧ ಗ್ರೈಂಡರಿನದು. ಸಿಂಗಪುರಕ್ಕೆ ಬರುವಾಗ ಬಟ್ಟೆ ಕಮ್ಮಿ ಮಾಡಿ ಸೂಟ್‌ಕೇಸಿನಲ್ಲಿ ತುರುಕಿ ತಂದ ಗ್ರೈಂಡರು. ಅದರ ಕಲ್ಲುಗಳನ್ನು ಹಿಡಿದಿಡುವ ಸರಳಿನ ತೆಳ್ಳನೆಯ ವಾಷರ್ ಸವೆದುಹೋಗಿ, ಪ್ರತಿ ಶನಿವಾರ ಹಿಟ್ಟು ರುಬ್ಬುವಾಗ ಇಡೀ ಅಡುಗೆಮನೆ ಗಡಗಡ ಎನ್ನತೊಡಗಿತು. ಕೆಳಗಿನ ಮನೆಯ ಚೀನೀ ಆಂಟಿ ಲಿಫ್ಟಿನಲ್ಲಿ ಸಿಕ್ಕಾಗ, “ಅಂಕಲ್, ಯುವರ್ ಹೌಸ್ ಗಾಟ್ ಹೆಲಿಕಾಪ್ಟರ್ ಆ?” ಎಂದು ವಿಚಾರಿಸಿದರು.

ಶೋಭಾ ಗಡುವು ಕೊಟ್ಟಳು. “ದೀಪಾವಳಿಯೊಳಗೆ ರಿಪೇರಿ ಆಗ್ಲಿಲ್ಲ ಅಂದ್ರೆ ಇದನ್ನ ಡಿಸ್ಪೋಸ್ ಮಾಡ್ಬಿಡೋಣ ರೀ. ಆಮೇಲೆ ಪ್ಯಾಕೆಟ್ ಹಿಟ್ಟೇ ಗತಿ.” ಹಾಗೆನ್ನುವಾಗ ಅವಳ ಕೈ ಗ್ರೈಂಡರಿನ ಮುಚ್ಚಳವನ್ನು ಸವರುತ್ತಿತ್ತು. ನನಗೂ ಸಂಕಟವಾಯಿತು. ಈ ಊರಿನಲ್ಲಿ ನಮ್ಮಷ್ಟೇ ಹಳೆಯದಾದ ಮೂರನೆಯ ಜೀವ ಅದೊಂದೇ.

ಆ ಮಾದರಿಯ ವಾಷರ್ ಎಲ್ಲೂ ಸಿಗಲಿಲ್ಲ. ಸಂದಿಗೆ ನನ್ನ ವಿಸಿಟಿಂಗ್ ಕಾರ್ಡನ್ನು ಕತ್ತರಿಸಿ ತುರುಕಿದೆ, ಗ್ರೈಂಡರು ಗಪ್‌ಚುಪ್. ಕಾರ್ಡು ಅಳೆದೆ: ಪಾಯಿಂಟ್ ನಾಲ್ಕು ಮಿಲಿಮೀಟರ್. ಹತ್ತು ನಿಮಿಷದಲ್ಲಿ ಕಾರ್ಡು ನೆನೆದು, ನನ್ನ ಹುದ್ದೆ, ಇಮೇಲ್ ಎಲ್ಲ ಉದ್ದಿನ ಹಿಟ್ಟಿನಲ್ಲಿ ಕಲಸಿಹೋಯಿತು. ಹಾಗಾಗಿ ಹಿತ್ತಾಳೆಯಲ್ಲೇ ಮಾಡುವುದೆಂದು ತೀರ್ಮಾನಿಸಿದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಚಾಕುವಿಗೆ ಶೋಭಾ ಅಲಗಿನ ಮೇಲೆ ಗಂಧ ಕುಂಕುಮ ಇಟ್ಟಳು, ಗ್ರೈಂಡರಿಗೆ ಕಲ್ಲಿನ ಮೇಲೆ. ಕೆಲಸ ಮಾಡುವ ಜಾಗಕ್ಕೇ ಪೂಜೆ ಸಲ್ಲಬೇಕು ಎಂಬ ತತ್ತ್ವ ನನಗೆ ಹಿಡಿಸಿತು. ಸ್ಕ್ರೂಗೇಜಿಗೆ ನಾನೇ ಇಟ್ಟೆ, ಭಕ್ತಿಯಿಂದ.

ಮರುವಾರ ಕೆಲಸ ಶುರು. ತಗಡನ್ನು ದುಂಡಗೆ ಕತ್ತರಿಸಿ, ತೂತು ಕೊರೆದು, ಡಬಲ್ ಟೇಪಿನಿಂದ ಮರದ ತುಂಡಿಗೆ ಅಂಟಿಸಿ, ಗಾಜಿನ ಮೇಲೆ ಹಾಸಿದ ಎಮರಿ ಪೇಪರಿಗೆ ಉಜ್ಜಿ ತೆಳ್ಳಗೆ ಮಾಡಬೇಕು. ಉಜ್ಜು, ಬಿಡಿಸು, ಅಳೆ, ಮತ್ತೆ ಅಂಟಿಸು. ಎಷ್ಟು ಮೆಲ್ಲಗೆಂದರೆ ಧ್ಯಾನವೇ ಸರಿ. ಕೊನೆಗೂ ಪಾಯಿಂಟ್ ನಾಲ್ಕು ಬಂದಾಗ ಶೆಲ್ಟರಿನೊಳಗೆ ಒಬ್ಬನೇ ಚಪ್ಪಾಳೆ ತಟ್ಟಿಕೊಂಡೆ. ವಾಷರ್ ಹಾಕಿ ಸ್ವಿಚ್ ಒತ್ತಿದರೆ ಹೆಲಿಕಾಪ್ಟರ್ ಮೇಲೆದ್ದಿತು.

ಇನ್ನೊಂದು ಮಾಡಿದೆ. ಅದೂ ಪಾಯಿಂಟ್ ನಾಲ್ಕು, ಅದೂ ಗಡಗಡ. ಮತ್ತೊಂದರದೂ ಅದೇ ಹಣೆಬರಹ. ಹಿತ್ತಾಳೆಯನ್ನು ಬೈದೆ, ಕಲ್ಲನ್ನು ಬೈದೆ, ಸಿಂಗಪುರದ ಸೆಕೆಯನ್ನು ಬೈದೆ. ದೀಪಾವಳಿಗೆ ಎರಡೇ ದಿನ ಉಳಿದಿತ್ತು. ಶೋಭಾ ಗ್ರೈಂಡರನ್ನು ತೊಳೆದು, ಒರೆಸಿ, ಬಾಗಿಲ ಪಕ್ಕದಲ್ಲಿಟ್ಟಿದ್ದಳು. ಬೀಳ್ಕೊಡುಗೆಯ ಆ ಸಿದ್ಧತೆ ನೋಡಿ, ಕೊನೆಯದಾಗಿ ಮಾಡಿದ ವಾಷರನ್ನು ಅವಳ ಕೈಗೇ ಕೊಟ್ಟೆ.

ಅವಳು ಹೊಸ ವಾಷರನ್ನು ಬೆಳಕಿಗೆ ಹಿಡಿದಳು. “ಇದೇನ್ರೀ, ವಾಷರ್‌ಗೂ ಪೂಜೆ ಮಾಡಿದ್ರಾ?”

“ಇಲ್ವಲ್ಲ.”

“ಮತ್ತೆ ಈ ಕುಂಕುಮ ಎಲ್ಲಿಂದ ಬಂತು?”

ಸ್ಕ್ರೂಗೇಜಿನ ಬಾಯಿ ನೋಡಿದೆ. ಎರಡು ತುದಿಗಳ ನಡುವೆ ನನ್ನ ಭಕ್ತಿ ಒಣಗಿ ಗಟ್ಟಿಯಾಗಿ ಕೂತಿತ್ತು. ವಾಷರಿನ ಜೊತೆ ಅಷ್ಟು ದಿನ ಗಂಧ ಕುಂಕುಮವನ್ನೂ ಸೇರಿಸಿ ಅಳೆದಿದ್ದೆ. ಅದರ ದಪ್ಪದಷ್ಟು ಪ್ರತಿ ವಾಷರೂ ತೆಳ್ಳಗಾಗಿತ್ತು. ಅಳೆಯುವ ಮುಂಚೆ ಬಾಯಿ ಮುಚ್ಚಿಸಿ ಸೊನ್ನೆ ತೋರಿಸುತ್ತದೆಯೇ ನೋಡಬೇಕೆಂಬುದು ಪಿಯುಸಿ ಫಿಸಿಕ್ಸ್ ಲ್ಯಾಬಿನ ಮೊದಲ ಪಾಠ. ಆ ಲ್ಯಾಬಿನಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತೆಂದು ಮದುವೆಯಾದಾಗಿನಿಂದ ಶೋಭಾಳಿಗೆ ಹೇಳುತ್ತಾ ಬಂದಿದ್ದೇನೆ. ಅವಳು ಅದನ್ನು ನೆನಪಿಸಲಿಲ್ಲ; ನಗು ಬಿಟ್ಟರೆ ತಾನೇ!

ಒರೆಸಿ, ಸೊನ್ನೆ ನೋಡಿಕೊಂಡು ಮಾಡಿದ ವಾಷರ್ ಮೊದಲ ಸಲಕ್ಕೇ ಕೂತಿತು. ಆ ಶನಿವಾರ ಕೆಳಗಿನ ಆಂಟಿ ಗಾಬರಿಯಿಂದ ಮೇಲೆ ಬಂದರು. “ಅಂಕಲ್, ಟುಡೇ ನೋ ಹೆಲಿಕಾಪ್ಟರ್? ಸ್ಪಾಯಿಲ್ ಆಲ್ರೆಡಿ ಆ?” ಶೋಭಾ ಅವರನ್ನು ಕೂರಿಸಿ ದೋಸೆ ಹಾಕಿದಳು. ನಾನು ಅಳೆಯಲಿಲ್ಲ.

ಈ ವರ್ಷದ ಆಯುಧಪೂಜೆಗೆ ಅವಳು ಸ್ಕ್ರೂಗೇಜನ್ನು ಡಬ್ಬಿಯಿಂದ ತೆಗೆಯಲು ಬಿಡಲೇ ಇಲ್ಲ. ಡಬ್ಬಿಯ ಮೇಲಷ್ಟೇ ಕುಂಕುಮ. ಆಮೇಲೆ ಸೋತ ವಾಷರುಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟು, ಒಂದೊಂದಕ್ಕೂ ಗಂಧ ಕುಂಕುಮ ಇಟ್ಟಳು.

“ಇವಕ್ಯಾಕೆ?” ಎಂದೆ.

“ಪಾಪ, ಅವುಗಳ ತಪ್ಪೇನಿತ್ತು?”

ಸಂಜೆ ಅವಳು ಅತ್ತ ಹೋದಾಗ ತಡೆಯಲಾಗಲಿಲ್ಲ. ಸೊನ್ನೆ ನೋಡಿಕೊಂಡು, ಗಂಧ ಒಣಗಿದ್ದ ಒಂದು ವಾಷರನ್ನು ಮೆಲ್ಲಗೆ ಸ್ಕ್ರೂಗೇಜಿನ ಬಾಯಿಗಿಟ್ಟೆ. ಅವಳಿಟ್ಟ ಕುಂಕುಮವೂ ಸೇರಿ, ಸರಿಯಾಗಿ ಪಾಯಿಂಟ್ ನಾಲ್ಕು.