ತುಟಿ ನೋಡಿ ಕಲಿತ ಮಾತು

ಸವಿತಾ ನಾಟಕದ ನಡುವೆ ಮಾತು ಮರೆತು ನಿಂತುಬಿಟ್ಟಳು. ಬನಹಟ್ಟಿಯ ನಮ್ಮ ಪ್ರೌಢಶಾಲೆಯ ನಾಟಕದಲ್ಲಿ ಅವಳದೇ ಮುಖ್ಯ ಪಾತ್ರ. ಪರದೆಯ ಹಿಂದಿನಿಂದ ನಾನು ಹೇಳಿಕೊಟ್ಟದ್ದು ಜನರ ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ.

“ಏ ತಂಗಿ, ನಿದ್ದಿ ಬಂತೇನ ಬೇ?” ಎಂದು ಯಾರೋ ಕೂಗಿದರು. ಅವಳ ಕಣ್ಣು ತುಂಬಿತು.

ಆಗ ಮುಂದೆ ಕುಳಿತಿದ್ದ ಅವಳ ತಾಯಿ ಎದ್ದು ನಿಂತು, ದನಿ ಹೊರಡಿಸದೆ ತುಟಿಗಳನ್ನಷ್ಟೇ ಆಡಿಸಿದರು. ಅದನ್ನೇ ನೋಡುತ್ತ ಮಗಳು ಮರೆತ ಮಾತನ್ನು ಹಿಡಿದಳು. ಆಮೇಲೆ ಎಲ್ಲೂ ತಡವರಿಸಲಿಲ್ಲ.

ನಾಟಕ ಮುಗಿದ ಮೇಲೆ, ನಿಮಗೆ ಆ ಮಾತು ಹೇಗೆ ಗೊತ್ತಿತ್ತು ಎಂದು ತಾಯಿಯನ್ನು ಕೇಳಿದೆ.

“ನಾ ಮಗ್ಗ ನಡಸುವಾಗ ಆಕಿ ಎದುರಿಗೆ ನಿಂತ ಮಾತ ಕಲೀತಿದ್ಳರಿ ಸರ್ರ. ಆ ಸಪ್ಪಳದಾಗ ಏನ್ ಕೇಳ್ತೈತ್ರಿ? ಆಕಿ ತುಟಿ ನೋಡೇ ನನಗೂ ಬಾಯಿಪಾಠ ಆತು. ದನಿ ಮಾತ್ರ ಇವತ್ತ ಕೇಳಿದ್ನಿ ನೋಡ್ರಿ.”

ಈಗ ಪ್ರತಿ ನಾಟಕದಲ್ಲೂ ಪರದೆ ಸರಿಯುವ ಮುನ್ನ, ಮುಂದೆ ಕುಳಿತ ತಾಯಂದಿರ ಮುಖಗಳನ್ನು ಒಮ್ಮೆ ನೋಡಿಕೊಳ್ಳುತ್ತೇನೆ.